ಹೊಂಗೆ ಎಲೆಯ ಲೆಕ್ಕ, ರಾಗಿ ಎಲೆಯ ಲೆಕ್ಕ

ಬೆಂಗಳೂರಿನ ಗಂಗಾನಗರದಿಂದ ಹೆಬ್ಬಾಳದ ಕಡೆ ಹೊರಟರೆ ಕೃಷಿ ವಿಶ್ವವಿದ್ಯಾನಿಲಯದ ಹಳೆಯ ಆವರಣ ಸಿಗುತ್ತದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಶುರುವಾದ ಪ್ರಯೋಗ ಕೇಂದ್ರವೇ ಅದರ ಮೂಲ. ಆಗ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಮುನ್ನೂರಕ್ಕಿಂತ ಕಡಿಮೆ ಇತ್ತು. ಈಗ 420 ದಾಟಿದೆ. ನಮಗೇನೋ ಇದು ತಿಳಿಯುವುದಿಲ್ಲ. ಎಲೆಗೆ ತಿಳಿಯುತ್ತದೆ.

ಎಲೆಯ ಮೈಮೇಲೆ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿವೆ. ಇಂಗಾಲ ಒಳಬರುವುದೂ ನೀರು ಆವಿಯಾಗಿ ಹೋಗುವುದೂ ಅಲ್ಲಿಂದಲೇ. ಹಸಿವು ನೀಗಬೇಕೆಂದು ತೆರೆದರೆ ಬಾಯಾರಿಕೆ. ಪ್ರತಿ ರಂಧ್ರಕ್ಕೂ ಎರಡು ಕಾವಲು ಕೋಶಗಳು: ಪೊಟ್ಯಾಸಿಯಂ ಒಳಗೆ ಸೇರಿ, ನೀರು ಹೀರಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ಸೊರಗಿದರೆ ಮುಚ್ಚುತ್ತದೆ. ಇದು ಗಳಿಗೆ ಗಳಿಗೆಯ ಹೊಂದಾಣಿಕೆ.

ವರ್ಷಗಳ ಹೊಂದಾಣಿಕೆ ಬೇರೆ. ಇಯಾನ್ ವುಡ್‌ವರ್ಡ್ ಎಂಬ ಬ್ರಿಟಿಷ್ ವಿಜ್ಞಾನಿ ಒಣಗಿಸಿ ಕಾಪಿಟ್ಟಿದ್ದ ಹಳೆಯ ಎಲೆಗಳನ್ನು ಪರೀಕ್ಷಿಸಿ, 200 ವರ್ಷಗಳಲ್ಲಿ ರಂಧ್ರಗಳ ಸಾಂದ್ರತೆ ಸುಮಾರು ಶೇ. 40ರಷ್ಟು ಇಳಿದಿದೆ ಎಂದು 1987ರಲ್ಲಿ ತೋರಿಸಿದರು. ಇಂಗಾಲ ಧಾರಾಳವಾದರೆ ಕಡಿಮೆ ರಂಧ್ರ ಸಾಕಲ್ಲ! ಬಲಿತ ಎಲೆ ತನ್ನ ರಂಧ್ರಗಳ ಸಂಖ್ಯೆ ಬದಲಿಸಲಾರದು. ಆದರೆ ಗಾಳಿಯ ಸುದ್ದಿಯನ್ನು ಚಿಗುರಿಗೆ ಮುಟ್ಟಿಸುತ್ತದೆ, ಚಿಗುರು ಅದರಂತೆ ರೂಪುಗೊಳ್ಳುತ್ತದೆ ಎಂಬುದು 2001ರಲ್ಲಿ ತಿಳಿದುಬಂತು. ಎಲ್ಲ ಗಿಡಗಳೂ ಹೀಗಲ್ಲ, ಕೆಲವು ಕ್ಯಾರೇ ಎನ್ನುವುದಿಲ್ಲ. ಬೇಸಿಗೆಯ ಮುನ್ನ ಎಲೆ ಉದುರಿಸಿ ಮತ್ತೆ ಚಿಗುರುವ ನಮ್ಮ ಬೀದಿಯ ಹೊಂಗೆಗೆ ಹೊಸ ಲೆಕ್ಕ ಹಾಕಲು ವರ್ಷಕ್ಕೊಂದು ಅವಕಾಶವಂತೂ ಉಂಟು.

ರಾಗಿಯ ದಾರಿಯೇ ಬೇರೆ. ಅದರ ಎಲೆ ಇಂಗಾಲವನ್ನು ಮೊದಲು ಹಿಡಿದು, ಒಳಗಿನ ವಿಶೇಷ ಕೋಶಗಳಲ್ಲಿ ಗುಡ್ಡೆಹಾಕಿಕೊಂಡು ಆಮೇಲೆ ಸಕ್ಕರೆ ಮಾಡುತ್ತದೆ. ಹೀಗಾಗಿ ರಂಧ್ರ ಅರೆತೆರೆದಿದ್ದರೂ ಕೆಲಸ ಸಾಗುತ್ತದೆ. ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಭತ್ತದಷ್ಟು ಲಾಭ ಇದಕ್ಕಿಲ್ಲ, ಆದರೆ ನೀರು ಉಳಿಯುತ್ತದೆ. ಮಳೆಯಾಶ್ರಿತ ಹೊಲಕ್ಕೆ ಅದೇ ದೊಡ್ಡ ಲಾಭ.

ಹಾಗಂತ ಇಂಗಾಲ ಹೆಚ್ಚಿದರೆ ಬೆಳೆಗೆ ಒಳ್ಳೆಯದೇ ಎನ್ನುವವರ ಮಾತನ್ನು ನಂಬಬೇಡಿ. ರಂಧ್ರ ಮುಚ್ಚಿದಷ್ಟೂ ಎಲೆ ಬೆವರುವುದು ಕಡಿಮೆ, ಅದರ ಮೈ ಬಿಸಿಯೇರುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹೆಚ್ಚು ಇಂಗಾಲದಲ್ಲಿ ಬೆಳೆದ ಭತ್ತ, ಗೋಧಿಗಳಲ್ಲಿ ಸತು, ಕಬ್ಬಿಣದ ಅಂಶ ಇಳಿದಿತ್ತು. ರಾಗಿಯಂತೆಯೇ ಇಂಗಾಲ ಹಿಡಿಯುವ ಜೋಳ, ಮೆಕ್ಕೆಜೋಳಗಳಲ್ಲಿ ಅಷ್ಟಾಗಿ ಇಳಿದಿರಲಿಲ್ಲ.

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಎಲೆಯ ಕೆಳಮೈಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿದು, ಒಣಗಿದ ಮೇಲೆ ಅಂಟುಟೇಪಿನಿಂದ ಎಬ್ಬಿಸಿ ಶಾಲೆಯ ಸೂಕ್ಷ್ಮದರ್ಶಕದಡಿ ಇಡಲು ಹೇಳಿ. ರಂಧ್ರಗಳನ್ನು ಅವರೇ ಎಣಿಸಲಿ.