ಮೊದಲ ಸ್ಮಾರ್ಟ್‌ಫೋನ್: ಆಂಡ್ರಾಯ್ಡೋ, ಐಫೋನೋ? ಹೊಲದ ಕೆಲಸ ನೋಡಿ ಆರಿಸ್ರಿ

ಕಬ್ಬಿನ ಬಿಲ್ ಜಮಾ ಆಯ್ತು ಅಂದ್ರೆ ನಮ್ಮ ಕಡೆ ಹುಡುಗರ ಮೊದಲ ಪ್ರಶ್ನೆ ಗೊಬ್ಬರದ್ದಲ್ಲ, ಫೋನಿಂದು. "ಅಣ್ಣಾ, ಐಫೋನ್ ತಗೊಳ್ಳಲೋ, ಆಂಡ್ರಾಯ್ಡ್ ಸಾಕೋ?" ಅಂತ ಖಾನಾಪುರ ಕಡೆಯಿಂದ ಮೆಸೇಜ್ ಬರ್ತಾನೇ ಇರ್ತಾವು. ಇಷ್ಟು ದಿನ ಮನೆಯವರ ಹಳೇ ಫೋನ್ ಬಳಸಿ, ಈಗ ಸ್ವಂತ ದುಡ್ಡಿನಲ್ಲಿ ಮೊದಲ ಫೋನ್ ತಗೊಳ್ಳೋರು ಕೆಲವರು. ಕೀಪ್ಯಾಡ್ ಫೋನ್ ಹಿಡಿದಿರೋ ಅಪ್ಪನಿಗೆ ಕೊಡಿಸೋರು ಇನ್ನು ಕೆಲವರು. ತೋಟಗಾರಿಕೆ ಓದಿದವನಿಗೂ ಫೋನಿಗೂ ಏನು ಸಂಬಂಧ ಅಂತೀರೇನು? ಬೆಳೆ ಸಮೀಕ್ಷೆಯಿಂದ ಹಿಡಿದು ಪಿಎಂ ಕಿಸಾನ್ ಇ-ಕೆವೈಸಿವರೆಗೆ ಈಗ ಎಲ್ಲಾ ಫೋನಿನ ಮೇಲೇ ನಿಂತೈತಿ. ಹಂಗಾಗಿ ಇದೂ ಕೃಷಿ ವಿಷಯಾನೇ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಹೊಲದ ಕೆಲಸ ನಡೆಸೋ ರೈತನ ಮೊದಲ ಫೋನ್ ಆಂಡ್ರಾಯ್ಡ್ ಆಗಿರಲಿ. ಆದರೆ "ಅಗ್ಗ" ಅನ್ನೋ ಒಂದೇ ಕಾರಣಕ್ಕೆ ಬೇಡ, ಯಾವುದೋ ಒಂದು ಆಂಡ್ರಾಯ್ಡ್ ಆದರೂ ನಡೀತದೆ ಅಂತಾನೂ ಅಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಆಪರೇಟಿಂಗ್ ಸಿಸ್ಟಮ್ ಅಂದ್ರೆ ಒಂದು ಸಂತೆ

ಫೋನಿನ ಕ್ಯಾಮೆರಾ, ಸಿಮ್, ಜಿಪಿಎಸ್, ಪರದೆ ಎಲ್ಲವನ್ನೂ ನಡೆಸೋ ಮೂಲ ಸಾಫ್ಟ್‌ವೇರ್‌ಗೆ ಆಪರೇಟಿಂಗ್ ಸಿಸ್ಟಮ್ ಅಂತಾರೆ. ಇವತ್ತು ಅಂಗಡಿಯಲ್ಲಿ ನಿಮ್ಮ ಮುಂದೆ ಇರೋದು ಎರಡೇ. ಒಂದು ಗೂಗಲ್‌ನ ಆಂಡ್ರಾಯ್ಡ್. ಸ್ಯಾಮ್‌ಸಂಗ್, ಶಿಯೋಮಿ, ವಿವೋ, ಮೊಟೊರೊಲಾ ಹೀಗೆ ಬಹಳ ಕಂಪನಿಗಳು ಇದನ್ನೇ ಹಾಕಿ ಮಾರ್ತಾವು. ಇನ್ನೊಂದು ಆಪಲ್‌ನ ಐಒಎಸ್. ಅದು ಐಫೋನ್‌ನಲ್ಲಿ ಮಾತ್ರ ಇರ್ತದೆ.

ಇದನ್ನ ಸಂತೆ ಅಂತ ತಿಳ್ಕೊಳ್ರಿ. ವ್ಯಾಪಾರಿಗಳು ಬರದ ಸಂತೆಗೆ ಎಷ್ಟು ಒಳ್ಳೇ ಮಾಲು ಒಯ್ದರೂ ಏನು ಉಪಯೋಗ? ಹಂಗೇ ಆಪ್ ಮಾಡೋರು ಬಿಟ್ಟುಹೋದ ಸಿಸ್ಟಮ್ ಉಳಿಯೂದಿಲ್ಲ. ವಿಂಡೋಸ್ ಫೋನ್ ನೋಡ್ರಿ. ಲೂಮಿಯಾ ಫೋನ್‌ಗಳ ಪರದೆ, ಕ್ಯಾಮೆರಾ ಚೆನ್ನಾಗೇ ಇದ್ದವು. 2019ರ ಡಿಸೆಂಬರ್ 31ಕ್ಕೆ ವಾಟ್ಸಾಪ್ ಅದರಲ್ಲಿ ನಿಂತುಹೋಯ್ತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್‌ನಲ್ಲಿ ಇದ್ದದ್ದು ಕಾಯ್‌ಒಎಸ್. ಹಳ್ಳಿಹಳ್ಳಿಗೆ ಇಂಟರ್ನೆಟ್ ತಂದ ಫೋನ್ ಅದು. 2024ರಲ್ಲಿ ಅದರಲ್ಲೂ ಹೊಸದಾಗಿ ವಾಟ್ಸಾಪ್ ಹಾಕಿಕೊಳ್ಳೋಕೆ ಬರದಂಗಾಯ್ತು. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಫೋನ್ ಚಂದ" ಅಂತಲ್ಲ, "ನನಗೆ ಬೇಕಾದ ಆಪ್ ಯಾವ ಸಂತೆಯಲ್ಲಿ ಸಿಗ್ತದೆ" ಅಂತ.

ನಿಮ್ಮ ಹೊಲಕ್ಕೆ ಬೇಕಾದ ಆಪ್ ಯಾವವು?

ಒಂದು ಹಾಳೆ ಮೇಲೆ ಬರೀರಿ. ನಮ್ಮ ರಾಜ್ಯದ ರೈತನ ಪಟ್ಟಿ ಹೆಚ್ಚೂಕಡಿಮೆ ಹೀಗಿರ್ತದೆ.

ಬೆಳೆ ಸಮೀಕ್ಷೆ: 2020ರ ಮುಂಗಾರಿನಲ್ಲಿ "ನನ್ನ ಬೆಳೆ ನನ್ನ ಹಕ್ಕು" ಅಂತ ಸರಕಾರ ಇದನ್ನ ರೈತರ ಕೈಗೇ ಕೊಟ್ಟಿತು. ಹೊಲದಲ್ಲೇ ನಿಂತು, ಸರ್ವೆ ನಂಬರ್ ಆರಿಸಿ, ಬೆಳೆ ಹೆಸರು ಹಾಕಿ ಫೋಟೋ ತೆಗೀಬೇಕು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ ಮೂರಕ್ಕೂ ಈ ಮಾಹಿತಿ ಬಳಕೆ ಆಗ್ತದೆ. ಭತ್ತ ಹಚ್ಚಿದ ಹೊಲ ದಾಖಲೆಯಲ್ಲಿ ಬೀಳು ಅಂತ ಕೂತರೆ ಪರಿಹಾರದ ಹೊತ್ತಿಗೆ ಕಚೇರಿ ಅಲೆಯೋದು ನೀವೇ. ಈ ಆಪ್ ಇಳಿಸಿಕೊಳ್ರಿ ಅಂತ ಇಲಾಖೆ ತೋರಿಸೋದು ಗೂಗಲ್ ಪ್ಲೇ ಸ್ಟೋರ್‌ಗೆ.

ಪಿಎಂ ಕಿಸಾನ್: 2023ರ ಜೂನ್‌ನಿಂದ ಮುಖ ತೋರಿಸಿ ಇ-ಕೆವೈಸಿ ಮಾಡೋ ಸೌಲಭ್ಯ ಆಪ್‌ನಲ್ಲಿ ಬಂದೈತಿ. ಬೆರಳಚ್ಚು ಸವೆದು ಹೋದ ವಯಸ್ಸಾದ ರೈತರಿಗೆ ಇದು ದೊಡ್ಡ ಅನುಕೂಲ.

ರೋಗ ಗುರುತಿಸೋ ಪ್ಲಾಂಟಿಕ್ಸ್: ಎಲೆಯ ಫೋಟೋ ತೆಗೆದರೆ ಯಾವ ರೋಗ, ಯಾವ ಕೀಟ ಅಂತ ಅಂದಾಜು ಹೇಳ್ತದೆ. ಕನ್ನಡದಲ್ಲೂ ಐತಿ. ಇದು ಆಂಡ್ರಾಯ್ಡ್‌ಗೆ ಮಾಡಿದ ಆಪ್. ಅದು ಹೇಳಿದ ಔಷಧಿ ನೇರ ಹೊಡೀಬೇಡ್ರಿ, ತಿಳಿದವರನ್ನ ಕೇಳ್ರಿ.

ಹವಾಮಾನ: ಮೇಘದೂತ್ ಮತ್ತು ಸಿಡಿಲಿನ ಎಚ್ಚರಿಕೆ ಕೊಡೋ ದಾಮಿನಿ. ಇವು ಎರಡೂ ಸಿಸ್ಟಮ್‌ಗೆ ಬಂದಿವೆ. ಏಪ್ರಿಲ್-ಮೇ ಮಳೆಯಲ್ಲಿ ಗೋಡಂಬಿ ತೋಟದಲ್ಲಿ ಇರೋರು ದಾಮಿನಿ ಹಾಕಿಕೊಳ್ಳಲೇಬೇಕು.

ವಾಟ್ಸಾಪ್, ಯುಪಿಐ, ಬ್ಯಾಂಕ್ ಆಪ್: ಎರಡರಲ್ಲೂ ಚಿಂತೆ ಇಲ್ಲ.

ಲೆಕ್ಕ ತಿಳೀತಲ್ಲ? ಸರಕಾರಿ ಮತ್ತು ಕೃಷಿ ಆಪ್‌ಗಳು ಮೊದಲು ಬರೋದು ಆಂಡ್ರಾಯ್ಡ್‌ಗೆ. ಐಒಎಸ್‌ಗೆ ಕೆಲವು ತಡವಾಗಿ ಬರ್ತಾವು, ಕೆಲವು ಬರೂದೇ ಇಲ್ಲ. ಆದರೂ ಐಫೋನೇ ಬೇಕು ಅಂತಿದ್ರೆ, ದುಡ್ಡು ಕೊಡೋ ಮೊದಲು ಐಫೋನ್ ಇರೋ ಗೆಳೆಯನ ಆಪ್ ಸ್ಟೋರ್‌ನಲ್ಲಿ ನಿಮ್ಮ ಪಟ್ಟಿಯ ಒಂದೊಂದು ಹೆಸರೂ ಹುಡುಕಿ ನೋಡ್ರಿ. ಐದು ನಿಮಿಷದ ಕೆಲಸ.

ಎಷ್ಟು ಟನ್ ಕಬ್ಬು?

2025ರಲ್ಲಿ ಬಂದ ಐಫೋನ್ 16ಇ ಆ ವರ್ಷದ ಹೊಸ ಐಫೋನ್‌ಗಳಲ್ಲೇ ಕಡಿಮೆ ಬೆಲೆಯದ್ದು. ಬಿಡುಗಡೆ ಬೆಲೆ 59,900 ರೂಪಾಯಿ. 2024-25ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ 10.25 ಶೇಕಡಾ ಇಳುವರಿಗೆ ಟನ್ನಿಗೆ 3,400 ರೂಪಾಯಿ ಇತ್ತು. ಅಂದ್ರೆ ಕಟಾವು, ಸಾಗಾಟದ ಖರ್ಚು ತೆಗೆಯೋ ಮೊದಲೇ 17-18 ಟನ್ ಕಬ್ಬು ಒಂದು ಫೋನಿಗೆ ಹೋಯ್ತು. 12,000 ರೂಪಾಯಿಯ ಆಂಡ್ರಾಯ್ಡ್ ಆದರೆ ಮೂರೂವರೆ ಟನ್.

ಐಫೋನ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಬಾಳಿಕೆ ಬರ್ತದೆ, ಹಳೇದಾದರೂ ಒಳ್ಳೇ ಬೆಲೆಗೆ ಹೋಗ್ತದೆ. ಆದರೆ ಇಎಂಐ ಮೇಲೆ ತಗೊಂಡು, ಫ್ಯಾಕ್ಟರಿ ಬಿಲ್ ತಡ ಆದಾಗ ಕಂತು ತುಂಬೋಕೆ ಸಾಲ ಮಾಡೋ ಪರಿಸ್ಥಿತಿ ಬರಬಾರದು. ಹೊಲದ ಆದಾಯ ತಿಂಗಳಿಗೆ ಬರೂದಿಲ್ಲ, ಇಎಂಐ ಮಾತ್ರ ತಿಂಗಳ ತಿಂಗಳ ಬರ್ತದೆ.

ಕನ್ನಡ, ಮರಾಠಿ ಎರಡೂ ಬೇಕು

ನಮ್ಮ ಗಡಿ ಭಾಗದಲ್ಲಿ ಆರ್‌ಟಿಸಿ ಕನ್ನಡದಲ್ಲಿ, ಮನೆಮಾತು ಎಷ್ಟೋ ಕಡೆ ಮರಾಠಿ. ಆಂಡ್ರಾಯ್ಡ್‌ನಲ್ಲಿ ಪೂರ್ತಿ ಫೋನನ್ನೇ ಕನ್ನಡಕ್ಕೋ ಮರಾಠಿಗೋ ಬದಲಿಸೋ ಅನುಕೂಲ 2014ರ 5.0 ಆವೃತ್ತಿಯಿಂದ ಐತಿ. ಐಫೋನ್‌ನಲ್ಲಿ ಕನ್ನಡ ಕೀಬೋರ್ಡ್ ಅದಕ್ಕೂ ಮೊದಲೇ ಬಂದಿದ್ದರೂ, ಪೂರ್ತಿ ಫೋನ್ ಕನ್ನಡದಲ್ಲಿ ಬಂದಿದ್ದು 2025ರ ಐಒಎಸ್ 18.4ರಿಂದ. ಹೊಸ ಫೋನ್ ಆದರೆ ಈ ವಿಷಯದಲ್ಲಿ ಎರಡೂ ಈಗ ಸಮ. ಓದು-ಬರಹ ಕಡಿಮೆ ಇರೋ ಹಿರಿಯರಿಗಾದರೆ ಮಾತಾಡಿದ್ದನ್ನ ಬರೆಯೋ ವಾಯ್ಸ್ ಟೈಪಿಂಗ್ ಮುಖ್ಯ. ಜಿಬೋರ್ಡ್‌ನಲ್ಲಿ ಕನ್ನಡ, ಮರಾಠಿ ಎರಡೂ ಹಾಕಿ, ಅಂಗಡಿಯಲ್ಲೇ ಅವರ ಕೈಗೆ ಕೊಟ್ಟು ಮಾತಾಡಿಸಿ ನೋಡ್ರಿ.

ಸಿಗ್ನಲ್ ಇಲ್ಲದ ಕಡೆ ಎರಡು ಸಿಮ್

ಬೆಳಗಾವಿ ನಗರದಲ್ಲಿ ಯಾವ ಸಿಮ್ ಆದರೂ ನಡೀತದೆ. ಜಾಂಬೋಟಿ ದಾಟಿ ಕಣಕುಂಬಿ ಕಡೆ, ಭೀಮಗಡ ಕಾಡಿನಂಚಿನ ಊರುಗಳಿಗೆ ಹೋದರೆ ಹಂಗಲ್ಲ. ಒಂದು ಗುಡ್ಡಕ್ಕೆ ಒಂದು ಕಂಪನಿ, ಇನ್ನೊಂದು ಇಳಿಜಾರಿಗೆ ಇನ್ನೊಂದು ಕಂಪನಿ. ಅದಕ್ಕೇ ಎರಡು ಸಿಮ್ ಇಟ್ಟುಕೊಳ್ಳೋರು ಜಾಸ್ತಿ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲೂ ಎರಡು ಸಿಮ್ ಕಾರ್ಡ್ ಹಾಕೋ ಜಾಗ ಸಾಮಾನ್ಯ. ಇಲ್ಲಿ ಮಾರೋ ಐಫೋನ್‌ನಲ್ಲಿ ಸಾಮಾನ್ಯವಾಗಿ ಕಾರ್ಡಿಗೆ ಒಂದೇ ಜಾಗ, ಎರಡನೇದು ಇ-ಸಿಮ್. ನಿಮ್ಮ ಎರಡನೇ ಕಂಪನಿ ನಿಮ್ಮ ನಂಬರಿಗೆ ಇ-ಸಿಮ್ ಕೊಡ್ತದೋ ಇಲ್ಲೋ ಮೊದಲೇ ವಿಚಾರಿಸ್ರಿ.

ಫೋನಿಗೂ ಅವಧಿ ಐತಿ

ಬೀಜದ ಪಾಕೀಟಿನ ಮೇಲೆ ಅವಧಿ ನೋಡ್ತೀವಿ, ಫೋನಿಂದು ನೋಡೂದಿಲ್ಲ. ಸುರಕ್ಷತಾ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ಆಪ್ ಇಡೋದು ಬೀಗ ಇಲ್ಲದ ಗೋದಾಮಿನಲ್ಲಿ ಮಾಲು ಇಟ್ಟಂಗೆ. ಇಲ್ಲಿ ಐಫೋನ್ ಮುಂದೆ ಐತಿ. 2015ರ ಐಫೋನ್ 6ಎಸ್‌ಗೆ 2021ರಲ್ಲೂ ಹೊಸ ಐಒಎಸ್ ಸಿಕ್ಕಿತು. ಆಂಡ್ರಾಯ್ಡ್‌ನಲ್ಲಿ ಇದು ಕಂಪನಿ ಮೇಲೆ, ಮಾಡೆಲ್ ಮೇಲೆ ಹೋಗ್ತದೆ. ಕೆಲವು ದುಬಾರಿ ಮಾಡೆಲ್‌ಗಳಿಗೆ ಏಳು ವರ್ಷದ ಭರವಸೆ ಐತಿ, ಅಗ್ಗದ ಕೆಲವಕ್ಕೆ ಎರಡು ವರ್ಷವೂ ಕಷ್ಟ. ಇನ್ನೊಂದು ಮಾತು: ಈ ವರ್ಷಗಳನ್ನ ಎಣಿಸೋದು ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ತಗೊಂಡ ದಿನದಿಂದ ಅಲ್ಲ. ಭಾರಿ ರಿಯಾಯಿತಿಯಲ್ಲಿ ಸಿಗೋ ಎರಡು ವರ್ಷ ಹಳೇ ಮಾಡೆಲ್‌ನ ಅರ್ಧ ಅವಧಿ ಅಂಗಡಿಯಲ್ಲೇ ಮುಗಿದಿರ್ತದೆ.

ಸೆಕೆಂಡ್ ಹ್ಯಾಂಡ್ ಐಫೋನ್ ತಗೊಳ್ಳೋ ಹುಡುಗರು ಇದನ್ನ ಮತ್ತೊಮ್ಮೆ ಓದ್ರಿ. ಐಫೋನ್ 6 ನಿಂತಿದ್ದು ಐಒಎಸ್ 12ಕ್ಕೆ. ವಾಟ್ಸಾಪ್ 2025ರಿಂದ ಕನಿಷ್ಠ 15.1 ಕೇಳ್ತದೆ, ಅಂದ್ರೆ ಐಫೋನ್ 6ರಲ್ಲಿ ವಾಟ್ಸಾಪ್ ಇಲ್ಲ. ಐಫೋನ್ 7 ನಿಂತಿದ್ದು 15ಕ್ಕೆ, ಐಫೋನ್ 8 ಮತ್ತು ಎಕ್ಸ್ ನಿಂತಿದ್ದು 16ಕ್ಕೆ. ಹಿಂದೆ ಸೇಬಿನ ಗುರುತು ಇದ್ದ ಮಾತ್ರಕ್ಕೆ ಕೆಲಸಕ್ಕೆ ಬರೂದಿಲ್ಲ. ಹಳೇ ಮಾಲೀಕ ತನ್ನ ಆಪಲ್ ಅಕೌಂಟ್‌ನಿಂದ ನಿಮ್ಮ ಕಣ್ಣೆದುರೇ ಹೊರಗೆ ಬಂದಿರಬೇಕು, ಇಲ್ಲಾಂದ್ರೆ ಫೋನ್ ಲಾಕ್ ಆಗಿ ಕೂತುಬಿಡ್ತದೆ.

ಆಂಡ್ರಾಯ್ಡ್‌ನ ತೆರೆದ ಬಾಗಿಲು

ಆಂಡ್ರಾಯ್ಡ್‌ನ ಒಂದು ದೌರ್ಬಲ್ಯ ಹೇಳದೇ ಮುಗಿಸಿದರೆ ತಪ್ಪಾಗ್ತದೆ. ಪ್ಲೇ ಸ್ಟೋರ್ ಬಿಟ್ಟು ಹೊರಗಿನಿಂದಲೂ ಆಪ್ ಹಾಕೋಕೆ ಅದರಲ್ಲಿ ಬರ್ತದೆ. ಆ ಫೈಲಿನ ಹೆಸರಿನ ಕೊನೆಗೆ "ಎಪಿಕೆ" ಅಂತ ಇರ್ತದೆ. ಮೋಸಗಾರರು ಪಿಎಂ ಕಿಸಾನ್ ಹೆಸರಿನಲ್ಲೇ ಇಂಥ ಫೈಲ್ ವಾಟ್ಸಾಪ್‌ಗೆ ಕಳಿಸ್ತಾರೆ. ಒತ್ತಿ ಹಾಕಿಕೊಂಡರೆ ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದ್ದು ಖಾತೆ ಖಾಲಿ ಮಾಡ್ತಾರೆ. ಐಫೋನ್‌ನಲ್ಲಿ ಈ ಎಪಿಕೆ ಫೈಲ್ ನಡೆಯೂದೇ ಇಲ್ಲ.

ಪರಿಹಾರ ಸರಳ. ಸೆಟ್ಟಿಂಗ್ಸ್‌ನಲ್ಲಿ "ಇನ್‌ಸ್ಟಾಲ್ ಅನ್‌ನೋನ್ ಆಪ್ಸ್" ಅಂತ ಹುಡುಕಿ, ವಾಟ್ಸಾಪ್, ಕ್ರೋಮ್, ಫೈಲ್ಸ್ ಎಲ್ಲದಕ್ಕೂ ಅನುಮತಿ ಬಂದ್ ಮಾಡ್ರಿ. ಅಪ್ಪನ ಫೋನಿನಲ್ಲಿ ಮೊದಲು ಮಾಡ್ರಿ. ದುಡ್ಡು ಹೋಯ್ತು ಅಂದ್ರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಿ, ಬ್ಯಾಂಕಿಗೂ ತಿಳಿಸ್ರಿ.

ಅಂಗಡಿಗೆ ಹೋದಾಗ

1. ಸೆಟ್ಟಿಂಗ್ಸ್‌ನ "ಅಬೌಟ್ ಫೋನ್" ತೆರೆದು ಆಂಡ್ರಾಯ್ಡ್ ಆವೃತ್ತಿ ಮತ್ತು ಸೆಕ್ಯುರಿಟಿ ಅಪ್‌ಡೇಟ್ ತಾರೀಖು ನೋಡ್ರಿ.
2. ಈ ಮಾಡೆಲ್ ಯಾವಾಗ ಬಂತು, ಎಷ್ಟು ವರ್ಷ ಅಪ್‌ಡೇಟ್ ಅಂತ ಕಂಪನಿ ವೆಬ್‌ಸೈಟಿನಲ್ಲೇ ಓದ್ರಿ.
3. ರ‍್ಯಾಮ್ ಕನಿಷ್ಠ 4 ಜಿಬಿ, ಆದರೆ 6. ಸ್ಟೋರೇಜ್ 128 ಜಿಬಿ ಇರಲಿ. ವಾಟ್ಸಾಪ್ ಗುಂಪಿನ ಫೋಟೋಗಳೇ ಅರ್ಧ ತಿಂತಾವು.
4. ಬಿಸಿಲಿಗೆ ಬಂದು ಪರದೆ ಕಾಣ್ತದೋ ಇಲ್ಲೋ ನೋಡ್ರಿ. ಸಮೀಕ್ಷೆ ಫೋಟೋ ತೆಗೆಯೋದು ಅಂಗಡಿ ದೀಪದ ಕೆಳಗಲ್ಲ.
5. ಗೂಗಲ್ ಅಥವಾ ಆಪಲ್ ಅಕೌಂಟ್ ನಿಮ್ಮ ನಂಬರಿನಲ್ಲಿ ನೀವೇ ತೆರೀರಿ, ಪಾಸ್‌ವರ್ಡ್ ಮನೆಯಲ್ಲಿ ಬರೆದಿಡ್ರಿ. ಅಂಗಡಿಯವರು ತೆರೆದುಕೊಟ್ಟರೆ ನಾಳೆ ರೀಸೆಟ್ ಮಾಡಿದಾಗ ಫೋನ್ ಅದೇ ಹಳೇ ಪಾಸ್‌ವರ್ಡ್ ಕೇಳ್ತದೆ.

ಈಗಾಗಲೇ ಐಫೋನ್ ತಗೊಂಡವರು ಬೇಜಾರಾಗಬೇಡ್ರಿ. ಮನೆಯಲ್ಲಿ ಯಾರದಾದರೂ ಒಂದು ಆಂಡ್ರಾಯ್ಡ್ ಇದ್ದರೆ ಸಮೀಕ್ಷೆಯ ಕೆಲಸ ಅದರಲ್ಲೇ ಮಾಡ್ರಿ. ಇನ್ನೂ ತಗೊಳ್ಳದವರು ಮೊದಲು ಆ ಹಾಳೆ ಮೇಲೆ ಆಪ್‌ಗಳ ಪಟ್ಟಿ ಬರೀರಿ, ಆಮೇಲೆ ಬೆಳಗಾವಿ ಬಸ್ಸು ಹತ್ತ್ರಿ. ನಿಮ್ಮ ಪಟ್ಟಿಯಲ್ಲಿ ನಾನು ಬಿಟ್ಟ ಆಪ್ ಇದ್ದರೆ ಬರೆದು ಕಳಿಸ್ರಿ, ಉಳಿದವರಿಗೂ ಉಪಯೋಗ ಆಗ್ತದೆ.