ಔಷಧವನ್ನು ಹೊರಚೆಲ್ಲುವ ಸೂಕ್ಷ್ಮಜಂತುಗಳು

ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿದವರಿಗೆ ಒಂದು ನೋಟವು ಮರೆತಿರಲಾರದು. ಹೊಲಿಗೆಯ ಸಂದುಗಳಿಂದ ನೀರು ಸಣ್ಣಗೆ ಒಸರುತ್ತಲೇ ಇರುವದು. ಅಂಬಿಗನ ಹುಡುಗನು ಅದನ್ನು ತಂಬಿಗೆಯಿಂದ ಮೊಗೆಮೊಗೆದು ಹೊರಗೆ ಚೆಲ್ಲುತ್ತಲೇ ಇರುವನು. ನೀರು ಬರುವದು ನಿಲ್ಲುವದಿಲ್ಲ, ಹರಿಗೋಲು ಮುಳುಗುವದೂ ಇಲ್ಲ. ಕಳೆದ ಶ್ರಾವಣದಲ್ಲಿ ಮೇಡ್ಲೇರಿಯ ನಮ್ಮ ಮನೆಯಲ್ಲಿ ಒದಗಿದ ಒಂದು ಬೇನೆಯ ಮರ್ಮವನ್ನು ಅರಿಯಹೊರಟಾಗ ಈ ನೋಟವೇ ನಮ್ಮ ನೆರವಿಗೆ ಬಂದಿತು.

ನಮ್ಮ ಸಹಧರ್ಮಿಣಿಗೆ ಮೂತ್ರದ ಉರಿ ತೋರಿತು, ಬೆನ್ನ ಹಿಂದೆಯೇ ಚಳಿಜ್ವರವೂ ಬಂದಿತು. ಹಿಂದೊಮ್ಮೆ ಮಗನ ಕೆಮ್ಮಿಗೆಂದು ತಂದು ಮಿಕ್ಕಿದ್ದ ಗುಳಿಗೆಗಳು ಗೂಡಿನಲ್ಲಿದ್ದವು. ಅವನ್ನೇ ಮೂರು ದಿವಸ ಕೊಟ್ಟವರು ಮತ್ತಾರೂ ಅಲ್ಲ, ನಾವೇ. ಬೇನೆಯು ಹೆಚ್ಚಿತು. ರಾಣೆಬೆನ್ನೂರಿನಲ್ಲಿ ಮೂತ್ರಪರೀಕ್ಷೆಯಾಗಿ ಬಂದ ಕಾಗದದಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯದ ಹೆಸರೂ, ಅದರ ಕೆಳಗೆ ಔಷಧಗಳ ಉದ್ದವಾದ ಪಟ್ಟಿಯೂ, ಅನೇಕ ಔಷಧಗಳ ಮುಂದೆ ‘ಆರ್’ ಎಂಬ ಅಕ್ಷರವೂ ಇದ್ದವು. ಆ ಜಂತುವಿಗೆ ಆ ಔಷಧವು ತಗಲದು ಎಂದು ಅದರ ಅರ್ಥ. ಕೊನೆಗೆ ಸೂಜಿಮದ್ದಿನಿಂದ ಆಕೆಯು ಗುಣಹೊಂದಿದಳು. ಆದರೆ ಒಂದಕ್ಕೊಂದು ಹೋಲಿಕೆಯಿಲ್ಲದ ಇಷ್ಟು ಔಷಧಗಳನ್ನು ಒಂದೇ ಜಂತುವು ಗೆದ್ದುದು ಹೇಗೆಂಬ ಸಂಶಯವು ನಮ್ಮನ್ನು ಬಿಡಲಿಲ್ಲ.

ಔಷಧವನ್ನು ಕಡಿದುಹಾಕುವದು, ಔಷಧವು ನಾಟುವ ತನ್ನ ಮರ್ಮಸ್ಥಾನವನ್ನೇ ಮಾರ್ಪಡಿಸಿಕೊಳ್ಳುವದು, ಇವೂ ಬ್ಯಾಕ್ಟೀರಿಯಗಳ ಉಪಾಯಗಳೇ. ಮೂರನೆಯದು ಅಂಬಿಗನ ಹುಡುಗನ ಉಪಾಯ. ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಇ. ಕೋಲೈಯು ಶಕ್ತಿಯನ್ನು ವ್ಯಯಮಾಡಿ ಹೊರದೂಡುತ್ತದೆಂದು 1980ರಲ್ಲಿ ಅಮೇರಿಕೆಯ ಲಾರಾ ಮೆಕ್‌ಮರಿ, ಸ್ಟುವರ್ಟ್ ಲೀವಿ ಮೊದಲಾದವರು ತೋರಿಸಿದರು. ಆ ಪಂಪು ಒಂದೇ ಬಗೆಯ ಔಷಧವನ್ನು ಬಲ್ಲದು. ಇದಕ್ಕಿಂತ ಘಾತುಕವಾದುದು ಇನ್ನೊಂದು ಉಂಟು. ಇ. ಕೋಲೈಗೆ ಎರಡು ಪೊರೆಗಳು. ಒಳಪೊರೆಯಲ್ಲಿ ಎಸಿಆರ್-ಬಿ, ನಡುವೆ ಎಸಿಆರ್-ಎ, ಹೊರಪೊರೆಯಲ್ಲಿ ಟಾಲ್-ಸಿ ಎಂಬ ಪ್ರೋಟೀನುಗಳು ಕೂಡಿಕೊಂಡು ಒಂದೇ ಕೊಳವೆಯಾಗಿ ನಿಲ್ಲುವವು. ಒಳಬಂದ ಔಷಧವನ್ನು ಇವು ನೇರವಾಗಿ ಹೊರಗೇ ಎಸೆಯುವವು. ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಸಿಪ್ರೋಫ್ಲಾಕ್ಸಾಸಿನ್, ಯಾವುದಾದರೂ ಸರಿ, ಈ ಯಂತ್ರಕ್ಕೆ ಪಂಕ್ತಿಭೇದವಿಲ್ಲ! ಎಸಿಆರ್-ಬಿಯ ಆಕಾರವನ್ನು 2002ರಲ್ಲಿ ಜಪಾನಿನ ವಿದ್ವಾಂಸರು ಕಂಡುಹಿಡಿದರು.

ಹಾಗಾದರೆ ಈ ಯಂತ್ರವು ಹಗಲಿರುಳು ಏಕೆ ತಿರುಗದು? ತಿರುಗಿದರೆ ಜಂತುವಿನ ಶಕ್ತಿಯೆಲ್ಲ ಅದಕ್ಕೇ ವೆಚ್ಚವಾಗುವದು. ಆದುದರಿಂದ ಅದರ ಮೇಲೆ ಕಟ್ಟುಪಾಡು ಇದೆ. ಟೆಟ್ರಾಸೈಕ್ಲಿನ್ನಿನ ಪಂಪನ್ನು ರಚಿಸುವ ಜೀನಿನ ಮೇಲೆ ಟೆಟ್-ಆರ್ ಎಂಬ ಕಾವಲುಗಾರನು ಕುಳಿತು ಅದನ್ನು ಓದಗೊಡನು. ಔಷಧವು ಒಳಬಂದು ಆ ಕಾವಲುಗಾರನಿಗೇ ಅಂಟಿಕೊಂಡೊಡನೆ ಅವನು ಎದ್ದುಹೋಗುವನು, ಪಂಪು ಸಿದ್ಧವಾಗುವದು. ವಿಧಿಯುಂಟು, ಅದಕ್ಕೆ ನಿಷೇಧವುಂಟು, ಆ ನಿಷೇಧಕ್ಕೂ ನಿಷೇಧ ಬಂದು ಮೊದಲಿನ ವಿಧಿಯೇ ಮರಳಿ ನಿಲ್ಲುವದು. ಇದನ್ನು ಶಾಸ್ತ್ರಕಾರರು ಪ್ರತಿಪ್ರಸವವೆಂದು ಕರೆದರು. ವ್ಯಾಕರಣದಲ್ಲಿ ನಾವು ಬಾಯಿಪಾಠ ಮಾಡಿದ ಮಾತು ಬ್ಯಾಕ್ಟೀರಿಯದ ಹೊಟ್ಟೆಯಲ್ಲಿ ಕಂಡುಬಂದೀತೆಂದು ಯಾರು ನೆನೆಸಿದ್ದರು!

ದೊಡ್ಡ ಯಂತ್ರಕ್ಕೆ ಮಾರ್-ಎ ಎಂಬ ಪ್ರೇರಕನುಂಟು. ಅವನನ್ನು ತಡೆಯುವವನು ಮಾರ್-ಆರ್. ಆಸ್ಪಿರಿನ್ನಿನ ಬಂಧುವಾದ ಸ್ಯಾಲಿಸಿಲೇಟು ಮಾರ್-ಆರ್‌ನನ್ನು ಕದಲಿಸಿ ಪಂಪನ್ನು ಚುರುಕುಗೊಳಿಸಬಲ್ಲದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ ನಂದಿಯವರೂ ಅವರ ಸಂಗಡಿಗರೂ ಇದನ್ನೇ ಶೋಧಿಸಿ 2016ರಲ್ಲಿ ಪ್ರಕಟಿಸಿದರು. ಮಾರ್-ಎಯನ್ನು ಕತ್ತರಿಸಿ ಲಯಗೊಳಿಸುವ ಲಾನ್ ಎಂಬ ಕಿಣ್ವವು ಇಲ್ಲದ ಇ. ಕೋಲೈಯಲ್ಲಿ ಮಾರ್-ಎ ಕೂಡಿಬೀಳುವದು, ಔಷಧನಿರೋಧವೂ ಬಲಿಯುವದು. ಇದು ಪ್ರಯೋಗಶಾಲೆಯ ಮಾತು. ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ಇದನ್ನೋದಿ ಯಾರೂ ಬಿಡತಕ್ಕದ್ದಲ್ಲ.

ಕಾವಲುಗಾರನ ಜೀನೇ ಕೆಟ್ಟರೆ ಗತಿಯೇನು? ಪಂಪಿಗೆ ತಡೆಯೇ ಇರದು. ಕೋಟ್ಯವಧಿ ಜಂತುಗಳಲ್ಲಿ ಅಂಥದೊಂದು ಹುಟ್ಟುವದು ಸಹಜ. ಔಷಧವಿಲ್ಲದಲ್ಲಿ ಅದು ದುಂದುಗಾರನಂತೆ ಹಿಂದೆ ಬೀಳುವದು. ಔಷಧ ಬಿದ್ದಲ್ಲಿ ಉಳಿದವು ಸತ್ತು ಅದೊಂದೇ ಮನೆತನ ಬೆಳೆಸುವದು. ನಾವು ಬೇಡದ ಗುಳಿಗೆ ನುಂಗಿದಾಗಲೆಲ್ಲ ನಮ್ಮ ಕರುಳಿನಲ್ಲಿ ನಡೆಯುವ ಆಯ್ಕೆ ಇದೇ. ಟೆಟ್ರಾಸೈಕ್ಲಿನ್ ಪಂಪಿನ ಜೀನುಗಳಂತೂ ಪ್ಲಾಸ್ಮಿಡ್ ಎಂಬ ಚಿಕ್ಕ ಉಂಗುರಗಳನ್ನೇರಿ ಒಂದು ಜಂತುವಿನಿಂದ ಇನ್ನೊಂದಕ್ಕೆ ಸಾಲವಾಗಿ ಹೋಗುವವು.

2019ರಲ್ಲಿ ಔಷಧನಿರೋಧಿ ಬ್ಯಾಕ್ಟೀರಿಯಗಳ ನೇರ ದೆಸೆಯಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ಸತ್ತರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಗಣನೆಯು ಹೇಳಿತು. ನಮ್ಮ ದೇಶದಲ್ಲಿ ಕೆಲವು ಔಷಧಗಳನ್ನು 2014ರಿಂದ ಎಚ್-1 ಪಟ್ಟಿಗೆ ಸೇರಿಸಿ, ಚೀಟಿ ಬರೆದ ವೈದ್ಯರ ಹಾಗೂ ರೋಗಿಯ ಹೆಸರನ್ನು ಅಂಗಡಿಯವರು ದಾಖಲಿಸಬೇಕೆಂದು ಮಾಡಿದ್ದಾರೆ. ಗುಳಿಗೆಯ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರವು 2016ರಲ್ಲಿ ನಡೆಯಿತು. ನಮ್ಮ ಗೂಡಿನಲ್ಲಿದ್ದ ಪಟ್ಟಿಗೂ ಆ ಗೆರೆ ಇದ್ದಿತು. ಕನ್ನಡಕ ಹಾಕಿಕೊಂಡೇ ಕೊಟ್ಟಿದ್ದೆವು, ಕಾಣಲಿಲ್ಲವೆನ್ನಲು ಬಾಯಿಲ್ಲ.

ಮೊನ್ನೆ ಓಣಿಯ ಹುಡುಗನೊಬ್ಬನು ಮೂಗೊರಸಿಕೊಳ್ಳುತ್ತ ಬಂದು, “ಮಾಸ್ತರ್ರೀ, ಅಂದಿನ ಗುಳಿಗಿ ಉಳದಾವೇನ್ರಿ? ಅವ್ವ ಕೇಳ್ಯಾಳ್ರಿ” ಎಂದನು. ನೆಗಡಿಯು ವೈರಸ್ಸಿನದು, ಈ ಔಷಧಕ್ಕೆ ಅದರ ಗೊಡವೆಯೇ ಇಲ್ಲವೆಂದು ಹೇಳಿ, ನಮ್ಮಾಕೆಯಿಂದ ಶುಂಠಿಯ ಕಷಾಯವನ್ನು ಕಾಸಿಸಿ ಕೊಟ್ಟು ಕಳುಹಿದೆವು.