ಅಪಸ್ಮಾರ ಮತ್ತು ಮೈಕ್ರೋ ಆರ್‌ಎನ್‌ಎ: ಒಂದು ಹೊಸ ಭರವಸೆಯ ಲೆಕ್ಕಾಚಾರ

ಕಳೆದ ವರ್ಷ ನಮ್ಮ ಶಾಖೆಯ ತರುಣ ಗುಮಾಸ್ತರೊಬ್ಬರು ನಗದು ಎಣಿಸುತ್ತಿದ್ದಂತೆಯೇ ಕುರ್ಚಿಯಿಂದ ಕುಸಿದರು. ಕೈಕಾಲುಗಳು ಸೆಟೆದು ಅದುರತೊಡಗಿದವು. ಯಾರೋ ಬೀಗದ ಕೈಗಳ ಗೊಂಚಲನ್ನು ಅವರ ಅಂಗೈಗೆ ತುರುಕಿದರು. ಮತ್ತೊಬ್ಬರು ಈರುಳ್ಳಿ ತರಲು ಕ್ಯಾಂಟೀನಿಗೆ ಓಡಿದರು. (ಇವೆರಡೂ ನಿಷ್ಪ್ರಯೋಜಕ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ ಬಳಿಯಲ್ಲಿರಬೇಕು. ಸೆಳೆತ ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸಬೇಕು.) ಮರುವಾರ ಧಾರವಾಡದ ಕಡೆಯಿಂದ ಬಂದ ಅವರ ತಂದೆ ನನ್ನನ್ನು ಕಂಡು ಕೇಳಿದರು: "ಮೈಕ್ರೋ ಆರ್‌ಎನ್‌ಎ ಅನ್ನೂದರಿಂದ ಈ ರೋಗ ಬುಡಸಮೇತ ಹೋಗ್ತದಂತಲ್ರಿ ಸಾಹೇಬ್ರ, ಇನ್ನ ಈ ಗುಳಿಗಿ ಯಾಕ ಬೇಕ್ರಿ?"

ವಾಣಿಜ್ಯ ಪದವೀಧರನಾದ ನನಗೆ ಒಡನೆಯೇ ಉತ್ತರ ತೋಚಲಿಲ್ಲ. ಅನಂತರ ಓದಿ, ಪರಿಚಿತ ನರರೋಗತಜ್ಞರೊಬ್ಬರನ್ನು ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೆದುಳಿನ ನರಕೋಶಗಳು ಏಕಕಾಲಕ್ಕೆ, ಹಿಡಿತವಿಲ್ಲದೆ ವಿದ್ಯುತ್ ಸಂಕೇತಗಳನ್ನು ಹೊರಡಿಸುವುದರಿಂದ ಸೆಳೆತವುಂಟಾಗುತ್ತದೆ. ಅದು ಮರುಕಳಿಸುತ್ತಿದ್ದರೆ ಅಪಸ್ಮಾರ ಅಥವಾ ಮೂರ್ಛೆರೋಗವೆನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿಯಿದೆ. 1857ರ ಬ್ರೋಮೈಡ್, 1912ರ ಫೀನೋಬಾರ್ಬಿಟಾಲ್, 1938ರ ಫೆನಿಟಾಯಿನ್ ಮೊದಲುಗೊಂಡು ಇಂದಿನ ಹೊಸ ಗುಳಿಗೆಗಳವರೆಗೆ ಎಲ್ಲವೂ ಮುಖ್ಯವಾಗಿ ಸೆಳೆತವನ್ನು ತಡೆಯುತ್ತವೆಯೇ ಹೊರತು, ಅದನ್ನು ಹುಟ್ಟಿಸುವ ಪ್ರಕ್ರಿಯೆಯನ್ನು ಬದಲಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಡ್ಡಿ ಸಂದಾಯವಾಗುತ್ತದೆ, ಅಸಲು ಹಾಗೆಯೇ ನಿಲ್ಲುತ್ತದೆ. ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಔಷಧಗಳಿಂದ ಸೆಳೆತ ನಿಲ್ಲುವುದೂ ಇಲ್ಲ. ಆದುದರಿಂದಲೇ ವಿಜ್ಞಾನಿಗಳ ದೃಷ್ಟಿ ಅಸಲಿನ ಕಡೆಗೆ ಹೊರಳಿದೆ.

ಜೀವಕೋಶದ ಡಿಎನ್‌ಎಯನ್ನು ಪ್ರಧಾನ ಕಚೇರಿಯ ಮೂಲ ಲೆಡ್ಜರ್ ಎಂದು ಭಾವಿಸೋಣ. ಅಲ್ಲಿಂದ ಹೊರಡುವ ಸಂದೇಶವಾಹಕ ಆರ್‌ಎನ್‌ಎ ಒಂದು ಚೆಕ್ಕಿನಂತೆ. ಅದು ಕೌಂಟರಿಗೆ ತಲಪಿದಾಗ ಪಾವತಿಯಾಗುವ ಹಣವೇ ಪ್ರೋಟೀನು. ಮೈಕ್ರೋ ಆರ್‌ಎನ್‌ಎ ಎಂಬುದು ಕೇವಲ 22 ಅಕ್ಷರಗಳಷ್ಟು ಉದ್ದದ ಪುಟ್ಟ ತುಣುಕು. ಅದು ತನಗೆ ಹೊಂದುವ ಚೆಕ್ಕಿಗೆ ಅಂಟಿಕೊಂಡು 'ಪಾವತಿ ತಡೆಯಿರಿ' ಎನ್ನುತ್ತದೆ. 1993ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಇದನ್ನು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಕಂಡರು. ಏಳು ವರ್ಷಗಳ ಕಾಲ ಅದು ಹುಳುವಿನದೇ ವೈಚಿತ್ರ್ಯವೆಂದು ಜನ ತಿಳಿದಿದ್ದರು! ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 2024ರಲ್ಲಿ.

ಅಪಸ್ಮಾರಕ್ಕೂ ಇದಕ್ಕೂ ಇರುವ ನಂಟನ್ನು ಎತ್ತಿ ತೋರಿಸಿದ ಪ್ರಯೋಗಗಳಲ್ಲಿ ಪ್ರಮುಖವಾದುದು 2012ರಲ್ಲಿ ಡಬ್ಲಿನ್ ನಗರದಿಂದ ಪ್ರಕಟವಾಯಿತು. ಐರ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಡೇವಿಡ್ ಹೆನ್ಶಲ್ ಮತ್ತು ಸಂಗಡಿಗರು ಮಿಆರ್-134 ಎಂಬ ಮೈಕ್ರೋ ಆರ್‌ಎನ್‌ಎಯನ್ನು ಆರಿಸಿಕೊಂಡರು. ನರಕೋಶಗಳು ಪರಸ್ಪರ ಸಂಧಿಸುವ ಸೂಕ್ಷ್ಮ ಮುಳ್ಳುಗಳ ಆಕಾರದ ಮೇಲೆ ಇದರ ಅಂಕೆಯಿದೆ. ಅಪಸ್ಮಾರ ರೋಗಿಗಳ ಮೆದುಳಿನ ಅಂಗಾಂಶದಲ್ಲಿ ಇದರ ಪ್ರಮಾಣ ಏರಿತ್ತು. ಇಲಿಗಳಲ್ಲಿ ರಾಸಾಯನಿಕದಿಂದ ದೀರ್ಘ ಸೆಳೆತ ಬರಿಸಿ, ಬಳಿಕ ಮಿಆರ್-134ನ್ನು ಕಟ್ಟಿಹಾಕುವ ಪ್ರತಿತಂತುವನ್ನು ಮೆದುಳಿನೊಳಕ್ಕೆ ಚುಚ್ಚಿದರು. ಮುಂದೆ ತಾವಾಗಿಯೇ ಬರತಕ್ಕ ಸೆಳೆತಗಳು ಶೇಕಡಾ 90ಕ್ಕಿಂತಲೂ ಹೆಚ್ಚು ಕುಗ್ಗಿದವು. ಮೊದಲ ಆಘಾತವಾದ ಮೇಲೆ ಕೊಟ್ಟ ಔಷಧವು ರೋಗ ಬೇರೂರುವುದನ್ನೇ ತಡೆಯಿತೆಂಬುದು ಇಲ್ಲಿನ ವಿಶೇಷ.

ಹಾಗಾದರೆ ತಡವೇಕೆ? ರಕ್ತದಿಂದ ಮೆದುಳಿಗೆ ಅನ್ಯ ವಸ್ತುಗಳನ್ನು ಬಿಡದ ಒಂದು ತಡೆಗೋಡೆಯಿದೆ. ಈ ಪ್ರತಿತಂತು ಗುಳಿಗೆಯಾಗಿ ನುಂಗಿದರೆ ಅದನ್ನು ದಾಟಲಾರದು. ಇದೇ ಜಾತಿಯ ನ್ಯೂಸಿನರ್ಸೆನ್ ಎಂಬ ಔಷಧವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಕ್ರಮಕ್ಕೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತಿದೆ, ಆದರೆ ಅದು ಬೇರೆ ರೋಗಕ್ಕೆ. ಇದಕ್ಕಿಂತ ಕಠಿಣವಾದ ತೊಡಕು ಮತ್ತೊಂದಿದೆ. ಒಂದು ಮೈಕ್ರೋ ಆರ್‌ಎನ್‌ಎ ಒಂದೇ ಚೆಕ್ಕನ್ನಲ್ಲ, ನೂರಾರನ್ನು ತಡೆಯಬಲ್ಲದು. ಅದನ್ನು ಕಟ್ಟಿಹಾಕಿದರೆ ಯಾವ ಯಾವ ಖಾತೆಯಲ್ಲಿ ಏನಾದೀತೋ! ಕ್ಯಾನ್ಸರಿಗೆಂದು ಸಿದ್ಧಪಡಿಸಿದ ಮೈಕ್ರೋ ಆರ್‌ಎನ್‌ಎ ಔಷಧವೊಂದರ ಪ್ರಯೋಗವನ್ನು ತೀವ್ರ ದುಷ್ಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಅಪಸ್ಮಾರಕ್ಕೆ ಇಂಥ ಔಷಧ ಯಾವುದೂ ಇನ್ನೂ ಅಂಗೀಕೃತವಾಗಿಲ್ಲ.

ಹಿರಿಯರು ಊರಿಗೆ ಮರಳುವ ಮುನ್ನ ಇಷ್ಟನ್ನೂ ವಿವರಿಸಿದೆ. ಎರಡು ಔಷಧಗಳಿಗೂ ಬಗ್ಗದ ರೋಗವಾದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಂತಹ ಕಡೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ವಿಚಾರಿಸಬಹುದೆಂದೂ, ಗುಳಿಗೆಯನ್ನು ಹಠಾತ್ತನೆ ಬಿಟ್ಟರೆ ಎಡೆಬಿಡದ ಸೆಳೆತ ಬಂದು ಪ್ರಾಣಕ್ಕೇ ಅಪಾಯವಾದೀತೆಂದೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆ ಹೊಸ ಚಿಕಿತ್ಸೆಯ ಸುದ್ದಿಯನ್ನು ಓದಿ ಮಗನಿಗೆ ತಿಳಿಸಿದವರು ಅವರೇ. ಮಗನು ಕೌಂಟರಿನಲ್ಲಿ ಬಿದ್ದದ್ದು ಗುಳಿಗೆ ಬಿಟ್ಟ ಎಂಟನೆಯ ದಿನ.